ನೀರಿನ ಮೇಲೊಂದು ಗೇಣು

ಜೊಂಡಕ್ಕನಿಗೆ ಆ ಹೆಸರಿಟ್ಟವಳು ಅವಳ ಓರಗಿತ್ತಿಯೇ. ಮದುವೆಯಾಗಿ ಬಂದ ಹೊಸತರಲ್ಲಿ ಬೆಳಗಾಗುವುದೇ ತಡ, ಕೆರೆಯ ಜೊಂಡಿನ ನಡುವೆ ಸೊಂಟದ ತನಕ ನೀರಲ್ಲಿ ನಿಂತು ಕುಡುಗೋಲು ಆಡಿಸುತ್ತಿದ್ದವಳನ್ನು ದಡದಿಂದ ಕೂಗಿ ಕೂಗಿ ಸಾಕಾಗಿ, "ಇವಳು ನಮ್ಮನೆ ಸೊಸೆಯಲ್ಲ, ಜೊಂಡಿಗೇ ಹುಟ್ಟಿದವಳು" ಎಂದಿದ್ದಳಂತೆ. ಹೆಸರು ಅಂಟಿಕೊಂಡಿತು. ಮೂವತ್ತು ವರ್ಷ ಇಬ್ಬರೂ ಒಟ್ಟಿಗೆ ಕೊಯ್ದರು, ಒಟ್ಟಿಗೆ ಒಣಗಿಸಿದರು, ಒಂದೇ ಮಗ್ಗದ ಎರಡು ಬದಿ ಕೂತು ಚಾಪೆ ನೇಯ್ದರು. ಗಂಡಂದಿರು ತೀರಿಹೋದ ಮೇಲೂ ಒಲೆ ಒಂದೇ. ಜಗಳವಿಲ್ಲದ ದಿನವಿರಲಿಲ್ಲ, ಅದು ಬೇರೆ ಮಾತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಶುರುವಾದದ್ದು ಸತ್ತ ಅತ್ತೆಯ ತನಕ ಹೋಗಿ, ಚಾಪೆ ಮುಗಿಯುವಷ್ಟರಲ್ಲಿ ತಣ್ಣಗಾಗುತ್ತಿತ್ತು.

ಇಂಥ ಮನೆಯೊಳಕ್ಕೆ ಬಣ್ಣದ ಕಾರ್ಖಾನೆ ಕಾಲಿಟ್ಟಿತು. ಇಪ್ಪತ್ತು ವರ್ಷ ಆ ಕೆರೆಗೆ ಏನೇನು ಬಿಟ್ಟರೋ ದೇವರೇ ಬಲ್ಲ, ಮೀನು ಸತ್ತು ತೇಲಿದಾಗ ಅತ್ತ ತಿರುಗಿಯೂ ನೋಡಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಊರಿನ ಮೇಲೆ ಪ್ರೀತಿ ಉಕ್ಕಿತು. ಉಕ್ಕಿದ್ದಾದರೂ ಒಂದೇ ಸಲ ಎರಡು ಕಡೆ: ಹೆಣ್ಣುಮಕ್ಕಳಿಗೆ ಕೌಶಲ ತರಬೇತಿ, ಜೊತೆಗೆ ಕೆರೆಯ ಪುನಶ್ಚೇತನ. ಎರಡಕ್ಕೂ ಒಬ್ಬನೇ ಅಧಿಕಾರಿ. ಚಿಕ್ಕ ವಯಸ್ಸು, ಮೃದು ಮಾತು. ಅವನೇ ಮನೆ ಬಾಗಿಲಿಗೆ ಬಂದು, "ಅಮ್ಮಾ, ಚಾಪೆ ನೇಯೋದನ್ನ ಕಲಿಸೋಕೆ ನೀವೇ ಬರಬೇಕು" ಎಂದಾಗ ಜೊಂಡಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಹೋಗು ಹೋಗು, ಟೀಚರಮ್ಮ. ಸಂಜೆ ಬಂದು ನಂಗೂ ಪಾಠ ಮಾಡು," ಎಂದು ಓರಗಿತ್ತಿ ಛೇಡಿಸಿದಳು. ಆದರೆ ಮಡಿಸಿಟ್ಟಿದ್ದ ಒಳ್ಳೆ ಸೀರೆಯನ್ನು ಹೊರಗೆ ತೆಗೆದಿಟ್ಟವಳೂ ಅವಳೇ.

ಕಾರ್ಖಾನೆಯ ಹಳೇ ಗೋದಾಮಿನಲ್ಲಿ ತರಗತಿ. ಇಪ್ಪತ್ತು ಹುಡುಗಿಯರು, ಹಿಂದಿನ ಕುರ್ಚಿಯಲ್ಲಿ ಅಧಿಕಾರಿ. ನೇಯುವುದು ಆಮೇಲೆ, ಕೊಯ್ಯುವುದು ಮೊದಲು, ಅದು ಆ ಕೆಲಸದ ನಿಯಮ. ಜೊಂಡಕ್ಕ ಕುಡುಗೋಲು ಎತ್ತಿ ತೋರಿಸಿದಳು. "ನೀರಿನ ಮೇಲೆ ಒಂದು ಗೇಣು ಬಿಟ್ಟೇ ಕೊಯ್ಯಬೇಕು ಕಣ್ರೇ. ಅದು ಉಸಿರಾಡೋದೇ ಆ ಗೇಣಿನಿಂದ. ಸೋಮಾರಿತನ ಮಾಡಿ ನೀರೊಳಗೆ ಕೈಹಾಕಿ ಕತ್ತರಿಸಿದ್ರೋ, ಕಾಂಡದೊಳಗೆ ನೀರು ನುಗ್ಗಿ ಬುಡ ಕೊಳೆತುಹೋಗುತ್ತೆ. ಅದೂ ಬೇಸಿಗೇಲಿ ಕತ್ತರಿಸಿದ್ರೆ ಮುಗೀತು, ಮತ್ತೆ ಚಿಗುರೋ ಮಾತೇ ಇಲ್ಲ."

ಇದು ಕೊಯ್ಯುವವರು ಮಕ್ಕಳಿಗೆ ಹೇಳುತ್ತಿದ್ದ ಮೊದಲ ಮಾತು, ಹೊರಗಿನವರ ಮುಂದೆ ಯಾರೂ ಆಡಿದ್ದಿಲ್ಲ. ಗುಟ್ಟೆಂದಲ್ಲ, ಹೊರಗಿನವರು ಯಾರೂ ಕೇಳಿರಲಿಲ್ಲ ಅಷ್ಟೆ. ಅಧಿಕಾರಿ ಪುಸ್ತಕ ತೆರೆದು ಬರೆದುಕೊಂಡ. "ಇನ್ನೊಂದ್ಸಲ ಹೇಳಿ ಅಮ್ಮಾ, ಬೇಸಿಗೇಲಿ ಅಂದ್ರಾ?" ಎಂದು ಕೇಳಿದ. ತನ್ನ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಒಬ್ಬರು ಬರೆದುಕೊಳ್ಳುತ್ತಿದ್ದಾರೆ ಎಂಬ ಹಿಗ್ಗಿನಲ್ಲಿ ಅವಳು ಬಿಡಿಸಿ ಬಿಡಿಸಿ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೇಸಿಗೆಯಲ್ಲಿ ನಾಲ್ಕು ತೆಪ್ಪಗಳು ಕೆರೆಗಿಳಿದವು. ಉದ್ದ ಹಿಡಿಯ ಕತ್ತಿ ಹಿಡಿದ ಕೂಲಿಯವರು ನೀರೊಳಗೆ ಮೊಳದಾಳಕ್ಕೆ ಕತ್ತಿ ಇಳಿಸಿ ಎಳೆಯುತ್ತಿದ್ದರು. ಜೊಂಡಕ್ಕ ಅದನ್ನು ದಡದಿಂದ ನೋಡಿದಳು. ಪಾಪ, ಗೊತ್ತಿಲ್ಲದೆ ಮಾಡುತ್ತಿದ್ದಾರೆಂದು ಅಧಿಕಾರಿಯ ಹತ್ತಿರ ಓಡಿದಳು.

"ಸಾರ್, ನೀರೊಳಗೆ ಕತ್ತರಿಸ್ತಿದ್ದಾರೆ! ಬುಡ ಸತ್ತೋಗುತ್ತೆ!"

"ಹೌದಮ್ಮ, ನೀವೇ ಹೇಳಿದ್ರಲ್ಲ," ಎಂದು ಅವನು ನಕ್ಕ. "ಔಷಧಿ ಹೊಡೆಯದೆ ಕಳೆ ತೆಗೆಯೋದು ಹೇಗಪ್ಪಾ ಅಂತ ತಲೆ ಕೆಡಿಸ್ಕೊಂಡಿದ್ವಿ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು."

"ಕಳೆ ಅಲ್ಲ ಸಾರ್, ಅದು ಜೊಂಡು! ನಮ್ಮ ಅನ್ನ ಅದು! ಆ ಹುಡುಗೀರು ಏನಿಟ್ಕೊಂಡು ನೇಯ್ತಾರೆ?"

"ಅವರಿಗೆ ಪ್ಲಾಸ್ಟಿಕ್ ನೂಲು ತರಿಸ್ತೀವಿ. ತೊಳೆದ್ರೂ ಹಾಳಾಗಲ್ಲ."

ಅವನನ್ನು ಬೈಯೋಣವೆಂದರೆ ಅವನಲ್ಲಿ ಕೆಟ್ಟತನವಿಲ್ಲ. ಅದೇ ನೋಡಿ ಹೊಟ್ಟೆ ಉರಿಯುವುದು. ಕೆಟ್ಟವನಾಗಿದ್ದರೆ ನಾಲ್ಕು ಶಾಪವಾದರೂ ಹಾಕಬಹುದಿತ್ತು.

ಮನೆಗೆ ಬಂದವಳು ಓರಗಿತ್ತಿಗೆ ಒಂದಕ್ಷರ ಹೇಳಲಿಲ್ಲ. ಓರಗಿತ್ತಿ ಮೂರು ಹೊತ್ತೂ ಆ ಕೂಲಿಯವರಿಗೆ ಶಾಪ ಹಾಕುತ್ತಿದ್ದಳು: "ಈ ದರಿದ್ರದ ಉಪಾಯ ಯಾವ ಮನೆಹಾಳ ಹೇಳಿಕೊಟ್ಟನೋ, ಅವನ ನಾಲಿಗೆ ಬಿದ್ದುಹೋಗ." ಜೊಂಡಕ್ಕ ತಲೆ ತಗ್ಗಿಸಿ ತುತ್ತು ನುಂಗುತ್ತಿದ್ದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಮಳೆಗಾಲ ಬಂತು. ಕೆರೆ ತುಂಬಿತು. ಒಂದು ಚಿಗುರೂ ತಲೆ ಎತ್ತಲಿಲ್ಲ.

ಪ್ರಮಾಣಪತ್ರ ಹಂಚುವ ದಿನ ಓರಗಿತ್ತಿಯೂ ಬಂದು ಮುಂದಿನ ಸಾಲಿನಲ್ಲೇ ಕೂತಳು. ಕಾರ್ಖಾನೆಯ ದೊಡ್ಡ ಸಾಹೇಬರು ಜೊಂಡಕ್ಕನನ್ನು ವೇದಿಕೆಗೆ ಕರೆದು, ಕೆರೆಯ ಕಳೆಯನ್ನು ಬೇರುಸಹಿತ ನಾಶಮಾಡುವ ಉಪಾಯ ಕೊಟ್ಟದ್ದು ಈ ತಾಯಿಯೇ ಎಂದು ಮೈಕಿನಲ್ಲಿ ಸಾರಿದರು. ಚಪ್ಪಾಳೆಯೋ ಚಪ್ಪಾಳೆ. ಓರಗಿತ್ತಿ ಎದ್ದು, ಕುರ್ಚಿಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಹೊರಟುಹೋದಳು.

ಜೊಂಡಕ್ಕ ಮನೆ ಮುಟ್ಟಿದಾಗ ಅವಳು ಎರಡನೇ ಒಲೆ ಹೂಡಿದ್ದಳು.

"ಮಕ್ಕಳಿಗೆ ಅಂತ ಹೇಳಿದ್ದು ಕಣೇ. ಅವನು ಹೀಗೆ ಮಾಡ್ತಾನೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಹೇಳಿದ್ದಕ್ಕಲ್ಲ," ಎಂದಳು ಓರಗಿತ್ತಿ. "ಅಷ್ಟು ದಿನ ನನ್ನೆದುರಿಗೆ ಕೂತು ಉಂಡೆಯಲ್ಲ, ಅದಕ್ಕೆ." ಆಮೇಲೆ ಮಾತು ನಿಂತಿತು.

ಮೂರು ವಾರದ ನಂತರ ಅಧಿಕಾರಿ ಮತ್ತೆ ಬಂದ. ಕೈಯಲ್ಲಿ ಹೊಸ ಪುಸ್ತಕ, ಮುಖಪುಟದಲ್ಲಿ ಜೊಂಡಕ್ಕನ ನಗುವ ಫೋಟೋ. ಗುಡ್ಡದಾಚೆ ದೊಡ್ಡ ಕೆರೆಯೊಂದಿದೆ, ಅಲ್ಲೂ ತರಬೇತಿ ಮತ್ತು ಪುನಶ್ಚೇತನ ಎರಡೂ ಶುರುಮಾಡುತ್ತಿದ್ದೇವೆ, ಕೂಲಿಯವರಿಗೆ ಒಮ್ಮೆ ಬಂದು ತೋರಿಸಿಕೊಡಿ ಎಂದ.

ಹುಟ್ಟಿದಾಗಿನಿಂದ ಕಸುಬಿನ ವಿಷಯದಲ್ಲಿ ಸುಳ್ಳಾಡದ ಜೊಂಡಕ್ಕ ಆವತ್ತು ಆಡಿದಳು. "ನೀರಿನ ಮೇಲೆ ಒಂದು ಗೇಣು ಬಿಟ್ಟು ಕೊಯ್ಸಿ ಸಾರ್. ಬುಡ ತಾನಾಗೇ ಕೊಳೆಯುತ್ತೆ."

ಅಧಿಕಾರಿ ಪುಟ ತಿರುವಿದ. "ಇಲ್ಲಮ್ಮ, ಉಲ್ಟಾ ಹೇಳ್ತಿದ್ದೀರಿ. ನೀರೊಳಗೆ ಕತ್ತರಿಸ್ಬೇಕು, ಇಲ್ಲೇ ಇದೆ ನೋಡಿ."

"ಆವತ್ತು ತಪ್ಪು ಹೇಳಿದ್ದೆ."

"ತಪ್ಪಾಗಿದ್ರೆ ನಮ್ಮ ಕೆರೆ ಹೀಗಾಗ್ತಿತ್ತಾ? ವಯಸ್ಸಾಯ್ತಲ್ಲಮ್ಮ, ಮರೆವು ಸಹಜ. ನೀವು ಬರದಿದ್ರೂ ಚಿಂತೆಯಿಲ್ಲ, ಎಲ್ಲ ಅಚ್ಚು ಹಾಕ್ಸಿದ್ದೀವಿ," ಎಂದು ಅವಳ ಕೈ ತಟ್ಟಿ, ಪುಸ್ತಕವೊಂದನ್ನು ಅಲ್ಲೇ ಬಿಟ್ಟು ಹೋದ.

ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದ ಓರಗಿತ್ತಿ ಬಾಗಿಲಿಗೆ ಬಂದು ನಿಂತಳು. ಇಷ್ಟು ದಿನದ ಮೇಲೆ ಬಾಯಿಬಿಟ್ಟಳು.

"ಅಲ್ಲೂ ನಮ್ಮ ಹಾಗೆ ಕೊಯ್ಯೋರು ಇದ್ದಾರೇನೇ?"

"ಅಂಗಳ ದಾಟುವಾಗ ಹೇಳಿದ, ಹನ್ನೊಂದು ಮನೆಯಂತೆ," ಎಂದಳು ಜೊಂಡಕ್ಕ. "ಮನೆಗೊಂದು ಪುಸ್ತಕ ಕೊಟ್ಟಾಗಿದೆಯಂತೆ."