ಖಾಲಿ ಪ್ಲೇಟು

ವಿಮಾನ ಇಳಿದಾಗಲೆಲ್ಲ ನಮ್ಮ ದೇವನಹಳ್ಳಿ ಲ್ಯಾಬಿನ ಗಾಜಿನ ಪ್ಲೇಟುಗಳು ಕಿಣಿಕಿಣಿ ಅನ್ನುತ್ತಿದ್ದವು. ನಮ್ಮ ಸೀನಿಯರ್ ಮೇಡಂ ಬೆಚ್ಚುತ್ತಿದ್ದರು. ಬೂಷ್ಟು ಬೆಳೆಸಿ ಎಣಿಸಲು ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಹೆಪ್ಪುಗಟ್ಟಲು ಅಗರ್ ಹಾಕಿ ಮೀಡಿಯಾ ಮಾಡುತ್ತಿದ್ದವರು ಅವರು. ಬಿಸಿ ಫ್ಲಾಸ್ಕನ್ನು ಕೆನ್ನೆಗೊತ್ತಿ, "ಕೆನ್ನೆ ತಡ್ಕೊಂಡ್ರೆ ಸುರೀಬಹುದು" ಅನ್ನುವರು. ಸುರಿಯುವಾಗ ಫ್ಯಾನ್ ಹಾಕುವಂತಿಲ್ಲ. ಕಾನ್ವೆಂಟಿನಲ್ಲಿ ಓದಿದ ನಾನು ಸೆಕೆ ಅಂದರೆ, "ಬೆವರಲಿ ಬಿಡಿ ಕಾನ್ವೆಂಟಮ್ಮಾ, ಗಾಳೀಲೆಲ್ಲಾ ಬೂಷ್ಟೇ!"

ಒಮ್ಮೆ ಕುಂದಾಣದ ಫಾರಂನಿಂದ ಕೋಳಿ ಫೀಡ್ ಪರೀಕ್ಷೆಗೆ ಬಂತು. ಅಲ್ಲಿ ಕೋಳಿಗಳು ಸಾಯುತ್ತಿದ್ದವು. ಫಾರಂನವನು ದಿನಾ ಫೋನ್ ಮಾಡುತ್ತಿದ್ದ: "ಇದೇ ಫೀಡ್ ಹಾಕ್ಲಾ ಮೇಡಂ, ಬಿಡ್ಲಾ?"

ಫೀಡಿನ ಪ್ಲೇಟುಗಳ ತುಂಬ ಬೂಷ್ಟು. ಆದರೆ ಫೀಡ್ ಹಾಕದೆ ಬರೀ ಮೀಡಿಯಾ ಸುರಿದಿಟ್ಟ ಖಾಲಿ ಪ್ಲೇಟಿನಲ್ಲೂ ಹಸಿರು ಚುಕ್ಕೆಗಳು!

"ಈ ಬೂಷ್ಟು ಫೀಡಿಂದೋ, ನಮ್ಮ ಲ್ಯಾಬಿಂದೋ? ಏನಂತ ಹೇಳ್ಲಿ ಅವನಿಗೆ?" ಮೇಡಂ ಎಲ್ಲವನ್ನೂ ಎಸೆದು ಮತ್ತೆ ಆಲೂಗಡ್ಡೆ ಬೇಯಿಸಿದರು. ಪ್ಲೇಟುಗಳು ಬೆಳೆಯುವಷ್ಟರಲ್ಲಿ ಅವರ ರಿಟೈರ್‌ಮೆಂಟ್ ಬಂದೇಬಿಟ್ಟಿತು.

ಅವರನ್ನು ಕೊನೆಯ ಸಲ ನೋಡಿದ್ದು ಅಂದು, ಬಸ್‌ಸ್ಟಾಪಿನಲ್ಲಿ. ಹೊಸ ಪ್ಲೇಟುಗಳನ್ನು ನೋಡಿದವಳೇ ಓಡಿಹೋದೆ. ಅವರ ಕೊರಳಲ್ಲಿ ಇನ್ನೂ ಸೆಂಡ್‌ಆಫ್ ಹಾರವಿತ್ತು.

"ಖಾಲಿ ಪ್ಲೇಟು?"

"ಕ್ಲೀನ್, ಮೇಡಂ. ಬೂಷ್ಟೆಲ್ಲ ಫೀಡಿಂದೇ."

"ಅಯ್ಯೋ, ಫೋನ್ ಮಾಡಮ್ಮಾ! ಸಂಜೆಗೆ ಅದೇ ಫೀಡ್ ಹಾಕ್ಬಿಡ್ತಾನೆ."

ಬಸ್ಸು ಬಂತು, ಹೋಯಿತು. ನಾನು ಫೋನಿನಲ್ಲಿ "ಹಾಕ್ಬೇಡಿ" ಅನ್ನುವವರೆಗೂ ಅವರು ಕೆನ್ನೆಗೆ ಕೈ ಒತ್ತಿಕೊಂಡು ನಿಂತೇ ಇದ್ದರು.