ಗೌಸು ಕಾಕಾ ಕೂಗಿದ ಆಯೇರಿ

ಏ ಅಕ್ಕಾರ, ಅಣ್ಣಾರ! ಆ ಟ್ರ್ಯಾಕ್ಟರ್ ಬಂದ್ ಮಾಡಿ ಈ ಕಡೆ ಕಿವಿ ಕೊಡ್ರಿ! ನಿನ್ನಿ ನಮ್ಮ ರಾಜೂರಾಗ ಸತ್ತಾಂವ ಎದ್ದು ಕುಂತು ಕೈ ಮುಗದಾನ!

ಎಬ್ಬಿಸಿದವನು ಗಜೇಂದ್ರಗಡದ ಗೌಸುಸಾಬ, ಎಲ್ಲರ ಗೌಸು ಕಾಕಾ. ಮೂವತ್ತು ವರ್ಷದಿಂದ ಹಳ್ಳಿ ನಾಟಕಗಳಿಗೆ ಮೈಕ್‌ಸೆಟ್ ಹಾಕುತ್ತಾನೆ, ಆಯೇರಿ ಕೂಗುತ್ತಾನೆ. ಪಾತ್ರ ಮೆಚ್ಚಿ ಯಾರೋ ಟವೆಲ್ಲೋ ಉಂಗುರವೋ ಕೊಟ್ಟರೆ ಅದೇ ಆಯೇರಿ. ಕಾಕಾ ಮೈಕಿನಲ್ಲಿ ಹೆಸರು ಹೇಳಿದ ಕೂಡಲೇ ನಾಟಕ ನಿಲ್ಲಬೇಕು, ಪಾತ್ರಧಾರಿ ಕೈ ಮುಗಿದು ತಗೊಳ್ಳಬೇಕು. ಬೇಡ ಅನ್ನುವಂತೆಯೇ ಇಲ್ಲ!

ಈ ಸಲ ತಾಲೀಮು ನಡೆದದ್ದು ಶಾಲೆಯ ಅಂಗಳದಲ್ಲಿ. ದಿನಾ ಸಂಜೆ ಮಕ್ಕಳ ದಂಡು, ನಾಟಕದ ಮಾತು ಅಣಕಿಸಿ ಒಂದೇ ಗದ್ದಲ. ಬೇರೆಯವರಾದರೆ ಓಡಿಸುತ್ತಿದ್ದರು. ಕಾಕಾ ಮಾತ್ರ ಮೈಕ್ ಒರೆಸುತ್ತ ಅಂದ:

"ಲೇ ಗಿಣಿಗಳ್ರ್ಯಾ, ಅವರು ಅಂದದ್ದನ್ನ ಯಾಕ ಒದರ್ತೀರಿ? ನಿಮಗ ಏನ್ ಕಾಣ್ತು, ನಾಕ್ ಸಾಲು ಕವನ ಬರ್ಕೊಂಡ್ ಬರ್ರಿ. ನಾಟಕದ ದಿನ ಮೈಕಿನ್ಯಾಗ ಓದ್ತೀನಿ."

"ಖರೇನ ಕಾಕಾ?"

"ಮೈಕಿನ ಆಣಿ!"

ಹತ್ತೊಂಬತ್ತು ಮಕ್ಕಳು ಬರೆದರು! ಕಾಕಾ ಸುಮ್ಮನೆ ಬಿಟ್ಟನೇ? "ಇದು ಬ್ಯಾರೇದವರ ಕಣ್ಣು, ನಿನ್ನ ಕಣ್ಣಿಲೆ ನೋಡು" ಎಂದು ತಿರುಗಿ ಕಳಿಸಿದ. ಐದನೆಯ ತರಗತಿಯ ಜಬೀನ ಮೂರು ಸಲ ಬರೆದಳು.

ನಿನ್ನೆ ಮಧ್ಯಾಹ್ನ ನಾಟಕ. ಪರದೆ ಏಳುವ ಹೊತ್ತಿಗೆ ಪ್ರಭುಲಿಂಗಪ್ಪ ಅಡ್ಡ ಬಂದ. ತಂಡದ ಯಜಮಾನ ಆತನೇ, ತಂದೆಯ ಪಾತ್ರವೂ ಆತನದೇ.

"ಗೌಸು, ನಡುವ ಕವನಾ ಗಿವನಾ ಬ್ಯಾಡಪಾ. ಮುಗದ ಮ್ಯಾಲ ಓದ್ಕೋ."

"ಮುಗದ ಮ್ಯಾಲ ಯಾರಿಗೆ ಓದ್ಲಿ, ಖಾಲಿ ಚಾಪಿಗೇನು?"

"ಆಯೇರಿ ಬಿಟ್ಟು ಯಾವುದಕ್ಕೂ ನನ್ನ ನಾಟಕ ನಿಲ್ಲಂಗಿಲ್ಲ!"

ಮುಂದಿನ ಸಾಲಿನಲ್ಲಿ ಹತ್ತೊಂಬತ್ತು ಮುಖಗಳು ಮೈಕನ್ನೇ ನೋಡುತ್ತಿದ್ದವು. ಮೊದಲ ಅಂಕ ಮುಗಿಯಿತು. ಎರಡನೆಯದೂ ಮುಗಿಯಿತು. ಮಕ್ಕಳು ಕಾಕಾನ ಕಡೆ ನೋಡುವುದನ್ನೇ ಬಿಟ್ಟರು.

ಮೂರನೆಯ ಅಂಕ. ತಂದೆ ಸತ್ತ. ಮಗಳು ಹೆಣದ ಮೇಲೆ ಬಿದ್ದು ಅಳುತ್ತಿದ್ದಾಳೆ, ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸುತ್ತಿದ್ದಾರೆ. ಆಗ ಟಪ್ ಟಪ್, ಮೈಕ್!

"ಐದನೇತ್ತಾ ಜಬೀನ ಅವರು, ತಂದಿ ಪಾತ್ರಕ್ಕ ಮೆಚ್ಚಿ, ನಾಕು ಸಾಲಿನ ಆಯೇರಿ ಮಾಡ್ಯಾರ!

ಸತ್ತಾನಂತ ಎಲ್ಲಾರೂ ಅತ್ತರು,
ನಾ ಮಾತ್ರ ಹೊಟ್ಟಿ ನೋಡ್ತಿದ್ದೆ,
ಅದು ಮ್ಯಾಲ ಕೆಳಗ ಆಡ್ತಿತ್ತು.
ಅಪ್ಪಾ, ಉಸುರು ಹಂಗ ಇಟ್ಕೋ."

ಎರಡನೆಯ ಸಾಲಿಗೇ ಜನ ಬಿದ್ದು ಬಿದ್ದು ನಕ್ಕರು. ಕೊನೆಯ ಸಾಲಿಗೆ ಹೆಂಗಸರ ಸೆರಗು ಮತ್ತೆ ಕಣ್ಣಿಗೆ ಹೋಯಿತು. ಹೆಣ ಒಂದು ಕಣ್ಣು ತೆರೆದು ಕಾಕಾನನ್ನು ನುಂಗುವಂತೆ ನೋಡಿತು.

"ಏಳೋ ಪ್ರಭುಲಿಂಗಾ! ಆಯೇರಿಗೆ ಕೈ ಮುಗಿ!" ಹಿಂದಿನಿಂದ ಮುದುಕಿ ಮಾನವ್ವ ಗದರಿದಳು.

ಎದ್ದ! ಕೈ ಮುಗಿದ, ಹಾಳೆ ತಗೊಂಡ, ಮತ್ತೆ ಮಲಗಿ ಸತ್ತ! ಸಿಳ್ಳೆಯೋ ಸಿಳ್ಳೆ! ಉಳಿದ ಹದಿನೆಂಟನ್ನೂ ಕಾಕಾ ಬಿಡಲಿಲ್ಲ. ಖಳನಾಯಕನಿಗೆ ಆರು, ಪರದೆ ಎಳೆಯುವವನಿಗೂ ಒಂದು!

ನಾಟಕ ಮುಗಿದ ಮೇಲೆ ಜಬೀನ ಪ್ರಭುಲಿಂಗಪ್ಪನ ಮುಂದೆ ನಿಂತಳು.

"ಮಾಮಾ, ನನ್ನ ಹಾಳಿ ಕೊಡ್ರಿ. ಅಬ್ಬಾಗ ತೋರಿಸ್ಬೇಕು."

ಆತ ಕಿಸೆಯ ಮೇಲೆ ಕೈ ಒತ್ತಿಕೊಂಡ. "ಕೊಟ್ಟ ಆಯೇರಿ ತಿರುಗಿ ಕೇಳ್ತಾರೇನವಾ? ಅದು ನಂದು!"

ವೈರ್ ಸುತ್ತುತ್ತಿದ್ದ ಕಾಕಾ ಜೋರಾಗಿ ನಕ್ಕುಬಿಟ್ಟ. ಜಬೀನಳನ್ನು ಸ್ಪೀಕರ್ ಡಬ್ಬಿಯ ಮೇಲೆ ಕೂರಿಸಿದ. ತನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನು ಕೊಟ್ಟು, ನಾಲ್ಕೂ ಸಾಲನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಹೇಳಿ ಬರೆಸಿದ.