ಅಂಗೈ ಬಿಚ್ಚಿದರೆ ಮಾತ್ರ ನೀರು

ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದ ಬೇಸಿಗೆ. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಪ್ರತಿ ಗುರುವಾರ ಹರಿಹರದ ಚಿಕಿತ್ಸಾ ಕೇಂದ್ರಕ್ಕೆ ಹೋಗಿ ಅಲ್ಲಿನ ರೋಗಿಗಳನ್ನು ನೋಡುವುದು ನನ್ನ ಪಾಳಿ. ಮುರಿದ ಮೂಳೆ, ಹಿಡಿದ ಸೊಂಟ, ಸೋತ ಕಾಲುಗಳ ಜೊತೆ ಮೂವತ್ತು ವರ್ಷ ಗುದ್ದಾಡಿದ್ದೆ. ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಜಂಬವಿತ್ತು. ಬಾಯಿಯೂ ಸ್ವಲ್ಪ ಜೋರೇ. ಹೇಳಿದ ವ್ಯಾಯಾಮ ಮಾಡದೆ ಬಂದವರಿಗೆ ಮುಲಾಜಿಲ್ಲದೆ ಬೈಯುತ್ತಿದ್ದೆ.

ಅಂಥ ಒಂದು ಗುರುವಾರ ಕೊಕ್ಕನೂರಿನಿಂದ ಹಾಲಮ್ಮ ಎಂಬ ಅಜ್ಜಿ ಆರು ವರ್ಷದ ಮೊಮ್ಮಗಳು ಸಿಂಚನಾಳನ್ನು ಕರೆತಂದರು. ಅಜ್ಜಿ ರೊಟ್ಟಿ ಬೇಯಿಸುವಾಗ ಹಂಚಿನ ಮೇಲಿನ ರೊಟ್ಟಿಗೆ ಅಂಗೈಯಿಂದಲೇ ನೀರು ಸವರುತ್ತಿದ್ದರು. ಅದನ್ನು ದಿನಾ ನೋಡಿದ್ದ ಹುಡುಗಿ, ಅಜ್ಜಿ ಅತ್ತ ತಿರುಗಿದಾಗ ತಾನೂ ಸವರಲು ಹೋಗಿ ಬರೀ ಹಂಚಿನ ಮೇಲೆ ಎಡಗೈ ಊರಿದ್ದಳು. ಗಾಯ ಮಾಗಿತ್ತು. ಆದರೆ ಮಾಗುವಾಗ ಚರ್ಮ ಸುರುಟಿಕೊಂಡು ನಡುಬೆರಳು, ಉಂಗುರ ಬೆರಳುಗಳನ್ನು ಒಳಕ್ಕೆ ಎಳೆದಿತ್ತು. ಇದಕ್ಕೆ ನಾವು ಕಾಂಟ್ರಾಕ್ಚರ್ ಎನ್ನುತ್ತೇವೆ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದೆ. ಎರಡೂ ಬೆರಳು ನೆಟ್ಟಗಾಗಲು ನಲವತ್ತೈದು ಡಿಗ್ರಿ ಕಡಿಮೆ. ಸರ್ಜನ್ ಎಂಟು ವಾರ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಬೆರಳು ಬಿಚ್ಚದಿದ್ದರೆ ಅಂಗೈ ಕುಯ್ದು, ತೊಡೆಯ ಚರ್ಮ ತಂದು ಕೂರಿಸಬೇಕು.

ನಮ್ಮ ಫಾರ್ಮಿನಲ್ಲಿ ‘ಬರೆಯುವ ಕೈ ಯಾವುದು’ ಎಂದು ಒಂದು ಕಾಲಂ ಇರುತ್ತದೆ. ‘ಬಲ’ ಎಂದು ತುಂಬಿ, ಸಮಾಧಾನ ಹೇಳುವ ಧಾಟಿಯಲ್ಲಿ, “ಪುಣ್ಯಕ್ಕೆ ಎಡಗೈ. ಓದು ಬರಹಕ್ಕೆ ತೊಂದರೆ ಇಲ್ಲ ಬಿಡಿ” ಅಂದೆ.

ಹಾಲಮ್ಮ ನನ್ನನ್ನೇ ನೋಡಿದರು. “ಎಡಗೈ ಅಂತ ಹಗುರ ಮಾಡಬ್ಯಾಡ್ರಿ ಮೇಡಂ. ನಮ್ಮ ಮನ್ಯಾಗೆ ಲಿಂಗ ಕೂಡ್ರಿಸೋ ಕೈ ಅದು. ನಾಳೆ ಈ ಕೂಸು ಪೂಜಿಗೆ ಕುಂತ್ರೆ ಲಿಂಗ ಎಲ್ಲಿ ಇಟ್ಕಂತೈತೆ? ನನ್ನ ನೋಡೇ ಸುಟ್ಕಂಡಿದ್ದು ಅದು.”

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವವರ ನಡುವೆಯೇ ಹುಟ್ಟಿ ಬೆಳೆದವಳು ನಾನು. ಆದರೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಮುಖ ಕೆಂಪಗಾಯಿತು. ಏನೋ ಬರೆಯುವವಳಂತೆ ಫೈಲಿನತ್ತ ಬಗ್ಗಿದೆ.

ಚಿಕಿತ್ಸೆ ಸರಳ. ರಾತ್ರಿ ಬೆರಳುಗಳನ್ನು ನೆಟ್ಟಗೆ ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಸ್ಪ್ಲಿಂಟ್. ಹಗಲು ಎಣ್ಣೆ ಸವರಿ ಬೆರಳು ಹಿಗ್ಗಿಸುವುದು. ಸಿಂಚನಾ ಎರಡಕ್ಕೂ ಒಪ್ಪಲಿಲ್ಲ. ಕೈ ಮುಟ್ಟಿದರೆ ಇಡೀ ಕೇಂದ್ರ ಕೇಳುವಂತೆ ಕಿರುಚುತ್ತಿದ್ದಳು. ಮಕ್ಕಳಿಗೆ ವ್ಯಾಯಾಮ ಮಾಡಿಸಬೇಕಾದರೆ ಅದನ್ನು ಆಟ ಮಾಡಬೇಕು. ಅದು ನನಗೆ ಗೊತ್ತಿದ್ದ ವಿದ್ಯೆಯೇ. ಖಾಲಿ ಶಾಂಪೂ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿ, ನೀರು ತುಂಬಿ, ಎಡಗೈಗೆ ಕೊಟ್ಟೆ. ಹಿಂಡಿದರೆ ನೀರು ಚಿಮ್ಮುತ್ತಿತ್ತು. ಹುಡುಗಿ ಮೊದಲ ಸಲ ನಕ್ಕಳು. ದಿನಾ ಹಿತ್ತಲಲ್ಲಿ ಒಂದು ಗಂಟೆ ಆಡಿಸಿ ಎಂದು ಹೇಳಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ವಾರದ ನಂತರ ಅಳೆದರೆ ನಲವತ್ತೇಳು ಡಿಗ್ರಿ. ಕೈ ಇನ್ನಷ್ಟು ಮಡಚಿತ್ತು.

“ಆಡಿಸಿಲ್ಲ ನೀವು. ಬರೀ ಹೂಂ ಅಂತೀರಿ, ಮನೆಗೆ ಹೋಗಿ ಮರೀತೀರಿ” ಎಂದು ರೇಗಿದೆ. ಅಂದು ಜೊತೆಗೆ ಬಂದಿದ್ದವರು ಹುಡುಗಿಯ ಅಜ್ಜ ಸಿದ್ದಪ್ಪ. ಹೊಲಕ್ಕೆ ಪೈಪು ಹಾಕುವ ಕೆಲಸವನ್ನೆಲ್ಲ ತಾವೇ ಮಾಡಿಕೊಳ್ಳುವ ರೈತ, ಮಾತು ಕಡಿಮೆ. ಅವರು ಮೊಮ್ಮಗಳ ಕೈಗೆ ತಮ್ಮ ಹೆಬ್ಬೆರಳು ಕೊಟ್ಟು, “ಹಿಡಿಯವ್ವ” ಅಂದರು. ಅವಳು ಬಿಗಿಯಾಗಿ ಹಿಡಿದಳು.

“ದಿನಾ ಆಡೈತೆ ಮೇಡಂ. ಹಿಡಿಯೋದು ಚೊಲೋ ಕಲಿಸೀರಿ. ಬಿಡೋದು ಹೆಂಗೆ?”

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದಿತ್ತು. ಬಿಚ್ಚಬೇಕಾದ ಕೈಗೆ ಮುಚ್ಚುವ ಆಟ ಕೊಟ್ಟಿದ್ದೆ. ಕಲಿಯಲು ಬರುವ ವಿದ್ಯಾರ್ಥಿಗಳು ಈ ತಪ್ಪು ಮಾಡಿದ್ದರೆ ನಾನೇ ಅವರನ್ನು ಆಚೆ ಕಳಿಸುತ್ತಿದ್ದೆ. ಎಂಟರಲ್ಲಿ ಎರಡು ವಾರ ನನ್ನ ಜಂಬಕ್ಕೆ ಹೋಗಿತ್ತು. “ತಪ್ಪು ನಂದೇ ಯಜಮಾನ್ರೇ” ಎಂದು ಒಪ್ಪಿಕೊಂಡೆ. ಅವರು ಅದನ್ನು ದೊಡ್ಡದು ಮಾಡಲಿಲ್ಲ. “ಕೈ ಬಿಚ್ಚಿದ್ರೆ ನೀರು ಬರ್ಬೇಕು, ಮಡಚಿದ್ರೆ ನಿಲ್ಬೇಕು. ಇಷ್ಟೇ ಹೌದಲ್ರಿ?” ಎಂದು ಕೇಳಿಕೊಂಡು ಹೋದರು.

ಮುಂದಿನ ಗುರುವಾರ ಅವರು ಬರಲಿಲ್ಲ. ನನಗೆ ತಡೆಯಲಾಗಲಿಲ್ಲ, ಕೆಲಸ ಮುಗಿಸಿ ಕೊಕ್ಕನೂರಿನ ಬಸ್ಸು ಹತ್ತಿದೆ.

ಹಿತ್ತಲಲ್ಲಿ ಎರಡು ಕಲ್ಲುಗಳ ಮೇಲೆ ಒಂದು ಗಜದಷ್ಟು ಪಿವಿಸಿ ಪೈಪು ಮಲಗಿತ್ತು. ಒಂದು ತುದಿ ತೊಟ್ಟಿಯ ನಲ್ಲಿಗೆ, ಇನ್ನೊಂದು ತುದಿಗೆ ಸಣ್ಣ ರಬ್ಬರ್ ಕೊಳವೆ. ಪೈಪಿನ ಬೆನ್ನ ಮೇಲೆ ಉದ್ದಕ್ಕೆ, ಮಗುವಿನ ಅಂಗೈಯಿಂದ ಬೆರಳ ಗೆಣ್ಣಿನವರೆಗಿನ ಅಳತೆಗೆ, ಸಾಲಾಗಿ ತೂತು. ನಲ್ಲಿ ಬಿಟ್ಟರೆ ನೀರೆಲ್ಲ ತೂತುಗಳಲ್ಲೇ ಸೋರಿ ಹೋಗುತ್ತಿತ್ತು. ಎಡಗೈಯನ್ನು ಪೈಪಿನುದ್ದಕ್ಕೆ ಚಾಚಿ ಅಷ್ಟೂ ತೂತು ಮುಚ್ಚಿದರೆ ಮಾತ್ರ ಕೊಳವೆಯಿಂದ ನೀರು ಜೋರಾಗಿ ಹಾರುತ್ತಿತ್ತು. ಕೊಳವೆ ಹಿಡಿದು ಗುರಿ ಇಡಲು ಬಲಗೈ ಬೇಕು. ಹಾಗಾಗಿ ಕಳ್ಳಾಟಕ್ಕೆ ಅವಕಾಶವಿಲ್ಲ. ಎದುರಿಗೆ ಮಣೆ ಹಾಕಿ ಗುರಿಯಾಗಿ ಕೂತವರು ಸ್ವತಃ ಸಿದ್ದಪ್ಪ, ಆಗಲೇ ಪೂರ್ತಿ ತೊಯ್ದಿದ್ದರು.

“ಅಜ್ಜ, ಏಳಬ್ಯಾಡ. ಅಲ್ಲೇ ಕೂಡು” ಎಂದು ಸಿಂಚನಾ ಗದರಿಸಿದಳು. ನೋವಿಗೆ ಮುಖ ಕಿವುಚುತ್ತಲೇ ಬೆರಳು ಒತ್ತುತ್ತಿದ್ದಳು. ನಾನು ಮುಟ್ಟಿದರೆ ಕಿರುಚುತ್ತಿದ್ದ ಅದೇ ಹುಡುಗಿ.

“ಈಗ ಐದು ತೂತು. ಇವು ಹಗುರ ಆದ್ಮ್ಯಾಲೆ ಮುಂದಕ್ಕೊಂದು ಕೊರಿತೀನಿ” ಅಂದರು ಸಿದ್ದಪ್ಪ. ಹಂತ ಹಂತವಾಗಿ ಹಿಗ್ಗಿಸುವುದು ಎಂದು ನಾವು ವರ್ಷಗಟ್ಟಲೆ ಪಾಠ ಹೇಳುವುದು ಇದನ್ನೇ. ನಾನು ಸೇರಿಸಿದ್ದು ಎರಡೇ ಮಾತು: ತೂತಿನ ಅಂಚು ಉಜ್ಜಿ ನುಣುಪು ಮಾಡಿ; ಸುಟ್ಟ ಕಲೆಯ ಚರ್ಮ ಬೇಗ ಒಣಗುತ್ತದೆ, ಹಾಗಾಗಿ ಆಟ ಮುಗಿದ ಕೂಡಲೇ ಕೊಬ್ಬರಿ ಎಣ್ಣೆ ಸವರಿ. ಸ್ಪ್ಲಿಂಟ್ ಕಟ್ಟಿಸಿಕೊಳ್ಳದಿದ್ದರೆ ನಾಳೆ ನಲ್ಲಿ ಬಿಡುವುದಿಲ್ಲ ಎಂದು ಅಜ್ಜಿ ಕರಾರು ಹಾಕಿದರು. ಅದೂ ನಡೆಯಿತು.

ಗುರುವಾರದಿಂದ ಗುರುವಾರಕ್ಕೆ ಅಂಕಿ ಇಳಿಯಿತು: ಮೂವತ್ತೆಂಟು, ಮೂವತ್ತು, ಹತ್ತೊಂಬತ್ತು. ಗಡುವಿನ ಕೊನೆಯ ವಾರ ನಾನೇ ಕೊಕ್ಕನೂರಿಗೆ ಹೋದೆ. ಪೈಪಿನ ಮೇಲೆ ಎಂಟು ತೂತಿದ್ದವು. ಅಳೆದೆ. ಐದು ಡಿಗ್ರಿ. ಆಪರೇಷನ್ ಬೇಕಾಗಲಾರದು ಎಂದೆ.

ಹಾಲಮ್ಮನಿಗೆ ಅಷ್ಟು ಸಾಲದು. ಮೊಮ್ಮಗಳ ಕೈ ತೊಳೆದು, ವಿಭೂತಿ ಹಚ್ಚಿ, ಹುಟ್ಟಿದಾಗ ಅವಳಿಗೆ ಕಟ್ಟಿಸಿದ್ದ ಪುಟ್ಟ ಲಿಂಗವನ್ನು ಎಡ ಅಂಗೈ ಮೇಲಿಟ್ಟರು. ಒಂದಿಷ್ಟು ವಾಲಿತು. ಹುಡುಗಿ ಪೈಪು ಒತ್ತುವಂತೆಯೇ ತುಟಿ ಕಚ್ಚಿ ಬೆರಳು ಚಾಚಿದಳು. ಲಿಂಗ ನಿಂತಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇನು.

ನಿವೃತ್ತಿಯವರೆಗೆ ಉಳಿದ ಅವಧಿಯಲ್ಲಿ ನಾನು ನೋಡಿದ ಪ್ರತಿ ಫಾರ್ಮಿನಲ್ಲೂ ‘ಬರೆಯುವ ಕೈ’ ಕಾಲಮಿನ ಕೆಳಗೆ ಪೆನ್ನಿನಿಂದ ಇನ್ನೊಂದು ಸಾಲು ಬರೆದೆ: ‘ಈ ಕೈಗೆ ಮನೆಯಲ್ಲಿ ಏನು ಕೆಲಸ?’ ಮೊದಲೇ ಕೇಳಬೇಕಾದ ಪ್ರಶ್ನೆ ಅದು. ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಸಿಂಚನಾಳ ಫೈಲು ಮುಚ್ಚುವ ಮುನ್ನ ಅದರಲ್ಲೂ ಆ ಸಾಲು ಸೇರಿಸಿ, ಉತ್ತರ ತುಂಬಿದೆ: ‘ಲಿಂಗ ಹಿಡಿಯುವುದು. ಅಜ್ಜನನ್ನು ತೋಯಿಸುವುದು.’